ಮೂರೂರಿನ ಬಸುರಿ, ಒಂದೂರಿನ ಕಾರ್ಡು

ನಮ್ಮ ಸಿಂಧನೂರು ಕಡೆ ಯಾರ ಮನೆಯಲ್ಲಿ ಕುಬಸದ ಕಾರ್ಯ ಇದ್ದರೂ ಊಟಕ್ಕೆ ಕುಂತ ಹೊತ್ತಿಗೆ ಒಂದು ಮಾತು ಬಂದೇ ಬರುತ್ತದೆ. "ಹೆರಿಗಿ ಎಲ್ಲಿ ಮಾಡಸ್ತೀರಿ? ಯಾವ ದವಾಖಾನಿ ಚಲೋ ಐತಿ?" ಆಮೇಲೆ ಪಂಗ್ತಿಯಲ್ಲಿದ್ದ ಎಲ್ಲರೂ ಮಾತಾಡುವವರೇ. ಒಬ್ಬರಿಗೆ ಇಂಥ ಡಾಕ್ಟರಮ್ಮನ ಕೈಗುಣ ಚಲೋ. ಇನ್ನೊಬ್ಬರು "ಅಲ್ಲಿಗೆ ಹೋದರ ಕೊಯ್ಯದ ಬಿಡಂಗಿಲ್ಲ" ಅನ್ನುತ್ತಾರೆ. ಕೈಯಲ್ಲಿ ರೊಕ್ಕ ಇದ್ದವರು ಹೈದರಾಬಾದು, ಕರ್ನೂಲಿನ ಹೆಸರು ತೆಗೆಯುತ್ತಾರೆ. ಉಡಿ ತುಂಬಿಸಿಕೊಂಡು, ಕೈತುಂಬ ಹಸಿರು ಬಳೆ ಇಟ್ಟುಕೊಂಡು ಕುಂತ ಹುಡುಗಿಯನ್ನು ಮಾತ್ರ ಯಾರೂ ಕೇಳುವುದಿಲ್ಲ, ನಿನ್ನ ಬಿಪಿ ಹೋದ ತಿಂಗಳು ಎಷ್ಟಿತ್ತು, ರಕ್ತ ಎಷ್ಟೈತಿ, ಗುಳಿಗಿ ನುಂಗಾಕತ್ತೀಯೋ ಇಲ್ಲೋ ಅಂತ. ಕೇಳಿದರೂ ಅವಳಿಗೆ ಗೊತ್ತಿರುವುದಿಲ್ಲ. ಅದು ಯಾವುದೋ ಊರಿನ ಯಾವುದೋ ಪುಸ್ತಕದಲ್ಲಿ ಬರೆದಿರುತ್ತದೆ.

ಈ ಸಂಗತಿ ನನ್ನನ್ನು ಬಹಳ ದಿನದಿಂದ ಕೊರೆಯುತ್ತಿದೆ. ರಾಯಚೂರು, ಕೊಪ್ಪಳ ಜಿಲ್ಲೆಗಳ ಬಸುರಿ ಒಂದೂರಲ್ಲಿ ಒಂಬತ್ತು ತಿಂಗಳು ಇರುವವಳಲ್ಲ. ಮುಟ್ಟು ನಿಂತದ್ದು ಗಂಡನ ಊರಲ್ಲಿ ಗೊತ್ತಾಗುತ್ತದೆ. ಆಶಾ ಅಕ್ಕ ಬಂದು ಹೆಸರು ಬರೆದುಕೊಳ್ಳುತ್ತಾಳೆ, ತಾಯಿ ಕಾರ್ಡ್ ಆಗುತ್ತದೆ. ಸುಗ್ಗಿ ಮುಗಿದು ಹೊಲದಲ್ಲಿ ಕೆಲಸ ಇಲ್ಲವಾದಾಗ ಗುಳೆ ಹೊರಡುತ್ತಾರೆ. ದೇವದುರ್ಗ, ಲಿಂಗಸುಗೂರು, ಮಸ್ಕಿ, ಕುಷ್ಟಗಿ ಕಡೆಯ ಬಸ್ಸುಗಳು ರಾತ್ರಿ ಬೆಂಗಳೂರಿಗೆ ಹೊರಡುವಾಗ ನಿಂತು ನೋಡಿದರೆ ತಿಳಿಯುತ್ತದೆ, ಗಂಟು, ಕೊಡ, ಕೂಸುಗಳ ನಡುವೆ ಬಸುರಿಯರೂ ಕುಂತಿರುತ್ತಾರೆ. ನಡುವಿನ ತಿಂಗಳು ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ಕಳೆಯುತ್ತವೆ. ಏಳರಲ್ಲೋ ಒಂಬತ್ತರಲ್ಲೋ ಕುಬಸ ಮಾಡಿ ತವರಿಗೆ ಕರೆದುಕೊಂಡು ಬರುತ್ತಾರೆ, ಚೊಚ್ಚಲ ಹೆರಿಗೆ ತವರಿನದೇ ಆಗಬೇಕಲ್ಲ. ಹೀಗೆ ಒಂದೇ ಬಸುರಿನ ಮೂರು ತುಂಡು ಮೂರು ಊರಲ್ಲಿ ಉಳಿಯುತ್ತವೆ. ಹೆರಿಗೆ ಮಾಡಿಸುವ ಡಾಕ್ಟರು ಅವಳನ್ನು ನೋಡುವುದು ಕೊನೆಯ ತುಂಡಿನಲ್ಲಿ. ಒಳ್ಳೆಯ ದವಾಖಾನೆ ಹುಡುಕುವುದಕ್ಕಿಂತ ಮೊದಲು ಈ ಮೂರು ತುಂಡನ್ನು ಒಂದು ಕಡೆ ತರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅದು ನನಗೆ ತಿಳಿದದ್ದು ನನ್ನ ತಂಗಿಯಿಂದ.

ಎರಡು ಅಂಕಿಗಳ ನಡುವೆ

ತಂಗಿಯನ್ನು ಲಿಂಗಸುಗೂರು ತಾಲೂಕಿನ ಹಳ್ಳಿಗೆ ಕೊಟ್ಟಿದ್ದೇವೆ. ಗಂಡ ಗೌಂಡಿ ಕೆಲಸದವನು, ಬೆಂಗಳೂರಿನಲ್ಲಿ ಇಬ್ಬರೂ ದುಡಿಯುತ್ತಿದ್ದರು. ಎಂಟು ತಿಂಗಳು ತುಂಬುವ ಹೊತ್ತಿಗೆ ನಮ್ಮ ಮನೆಗೆ ಬಂದಳು. ಮಾರನೆಯ ದಿನವೇ ತಾಲೂಕು ದವಾಖಾನೆಗೆ ಕರೆದುಕೊಂಡು ಹೋದೆ. ಸಿಸ್ಟರ್ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿ 134/88 ಅಂತ ಚೀಟಿಯ ಮೇಲೆ ಬರೆದರು. ಡಾಕ್ಟರಮ್ಮ ಆ ಅಂಕಿ ನೋಡಿ ತಲೆ ಎತ್ತಿ, "ಮೊದಲ ಎಷ್ಟಿತ್ತವಾ? ಕಾರ್ಡ್ ಎಲ್ಲೈತಿ?" ಅಂದರು. ಕಾರ್ಡು ಗಂಡನ ಮನೆಯ ಟ್ರಂಕಿನಲ್ಲಿತ್ತು. ಬೆಂಗಳೂರಿನಲ್ಲಿ ಒಮ್ಮೆ ಸ್ಕ್ಯಾನಿಂಗ್ ಮಾಡಿಸಿದ್ದರು, ಅದರ ಕಾಗದ ಇತ್ತು. ಅದರಲ್ಲಿ ಕೂಸಿನ ಲೆಕ್ಕ ಇತ್ತು, ತಾಯಿಯ ಲೆಕ್ಕ ಇರಲಿಲ್ಲ.

ಬಸುರಿಯಲ್ಲಿ ಬಿಪಿ 140/90 ದಾಟಿದರೆ ಹೆಚ್ಚು ಅನ್ನುತ್ತಾರೆ. 134/88 ಆ ಗೆರೆಯ ಒಳಗೇ ಇದೆ. ಯಾರಾದರೂ "ನಾರ್ಮಲ್ ಐತಿ, ಹದಿನೈದು ದಿನ ಬಿಟ್ಟು ಬಾ" ಅಂದಿದ್ದರೆ ತಪ್ಪು ಹೇಳುವ ಹಾಗಿರಲಿಲ್ಲ. ಈ ಡಾಕ್ಟರಮ್ಮ ಹಾಗೆ ಬಿಡಲಿಲ್ಲ. "ನಿಮ್ಮೂರ ಆಶಾಗ ಫೋನ್ ಹಚ್ಚು" ಅಂದರು. ತಂಗಿ ಅಲ್ಲೇ ನಿಂತು ಫೋನ್ ಹಚ್ಚಿದಳು. ಆಶಾ ಅಕ್ಕ ಹೊಲದಲ್ಲಿ ಮೆಣಸಿನಕಾಯಿ ಬಿಡಿಸುತ್ತಿದ್ದಳಂತೆ. "ತಡಿಯವಾ, ಮನಿಗೆ ಹೋಗಿ ಬುಕ್ ನೋಡಿ ಹೇಳ್ತೀನಿ" ಅಂದಳು. ನಾವು ಹೊರಗಿನ ಬೆಂಚಿನ ಮೇಲೆ ಕುಂತೆವು. ಅರ್ಧ ತಾಸಿನ ಮೇಲೆ ಅವಳ ಫೋನು ಬಂತು, ಡಾಕ್ಟರಮ್ಮನ ಕೈಗೇ ಕೊಟ್ಟೆವು. ಮೂರನೇ ತಿಂಗಳಲ್ಲಿ ಬಿಪಿ 100/64, ಹಿಮೋಗ್ಲೋಬಿನ್ 8.6, ರಕ್ತದ ಗುಂಪು ಇಂಥದ್ದು, ತೂಕ ಇಷ್ಟು ಅಂತ ಒಂದೊಂದೇ ಓದಿ ಹೇಳಿದಳು. ಡಾಕ್ಟರಮ್ಮ 100/64 ಅನ್ನು 134/88ರ ಪಕ್ಕಕ್ಕೆ ಬರೆದು ಕೆಳಗೆ ಎರಡು ಗೆರೆ ಎಳೆದರು. ಹದಿನೈದು ದಿನದ ಮಾತು ಮೂರು ದಿನಕ್ಕೆ ಬಂತು. ಮೂತ್ರದಲ್ಲಿ ಅಲ್ಬುಮಿನ್ ಅನ್ನುವ ಪ್ರೋಟೀನ್ ಹೋಗುತ್ತಿದೆಯೋ ಅಂತ ನೋಡಿಸಿದರು. ಮೂರು ದಿನದ ಮೇಲೆ ಹೋದಾಗ ಬಿಪಿ 146/96 ಇತ್ತು, ಅಲ್ಬುಮಿನ್ನೂ ಹೋಗುತ್ತಿತ್ತು. ಅವತ್ತೇ 108ರಲ್ಲಿ ರಾಯಚೂರಿಗೆ ಕಳಿಸಿದರು.

ನನ್ನ ತಂಗಿಗೆ ಆ ಹೊತ್ತಿನಲ್ಲಿ ಏನೂ ಆಗಿರಲಿಲ್ಲ ಅನ್ನುವುದನ್ನು ಒತ್ತಿ ಹೇಳಬೇಕು. ತಲೆನೋವಿಲ್ಲ, ಕಣ್ಣು ಮಂಜಿಲ್ಲ. ಕಾಲು ಬಾತಿದ್ದವು, ಬಸುರಿಯರ ಕಾಲು ಬಾಯುವುದು ಇದ್ದದ್ದೇ ಅಂತ ಅವ್ವ ಅಂದಿದ್ದಳು. ಅದು ಸುಳ್ಳೂ ಅಲ್ಲ, ಬಹಳ ಮಂದಿಗೆ ಸುಮ್ಮನೆ ಬಾಯುತ್ತವೆ. ಬಸುರಿನಲ್ಲಿ ಹೀಗೆ ಬಿಪಿ ಏರುವ ಈ ಕಾಯಿಲೆ (ಡಾಕ್ಟರರು ಪ್ರಿ-ಎಕ್ಲಾಂಪ್ಸಿಯಾ ಅನ್ನುತ್ತಾರೆ) ಸಾಮಾನ್ಯವಾಗಿ 20 ವಾರ ದಾಟಿದ ಮೇಲೆ ಶುರುವಾಗುತ್ತದೆ. ಮೊದಮೊದಲು ಹೆಣ್ಣುಮಗಳಿಗೆ ಗೊತ್ತೇ ಆಗುವುದಿಲ್ಲ. ಗೊತ್ತಾಗುವ ಹೊತ್ತಿಗೆ, ಅಂದರೆ ತಲೆ ಸಿಡಿಯತೊಡಗಿ, ಕಣ್ಣ ಮುಂದೆ ಮಿಣುಕು ಬಂದು, ಎದೆಗುಂಡಿಗೆಯ ಕೆಳಗೆ ನೋವು ಎದ್ದು, ಮುಖ ಊದುವ ಹೊತ್ತಿಗೆ, ಫಿಟ್ಸ್ ಬರುವುದಕ್ಕೆ ಬಹಳ ದೂರ ಉಳಿದಿರುವುದಿಲ್ಲ. ಹಳ್ಳಿಯಲ್ಲಿ ಹಾಗೆ ಫಿಟ್ಸ್ ಬಂದವಳನ್ನು ಗಾಳಿ ಸೋಕಿತು ಅಂತ ತಾಯತ ಕಟ್ಟಿಸಲು ಕರೆದುಕೊಂಡು ಹೋದದ್ದನ್ನು ನಮ್ಮ ಓಣಿಯ ಹಿರಿಯರು ಈಗಲೂ ಹೇಳುತ್ತಾರೆ. ತೋಳಿಗೆ ಪಟ್ಟಿ ಸುತ್ತಿ ನೋಡುವುದು ಎರಡು ನಿಮಿಷದ ಕೆಲಸ. ಪ್ರತಿ ಸಲ ನೋಡಬೇಕು, ಬರೆಯಬೇಕು, ಬರೆದದ್ದು ಬಸುರಿಯ ಜೊತೆ ಇರಬೇಕು. ನಮ್ಮ ಕಡೆ ಮೊದಲಿನ ಎರಡು ಎಷ್ಟೋ ಕಡೆ ಆಗುತ್ತವೆ. ಮೂರನೆಯದರಲ್ಲಿ ಎಡವುತ್ತೇವೆ.

ಈಗ ಯಾರು ಕೇಳಿದರೂ ನಾನು ಹೇಳುವುದು ಇಷ್ಟು. ತಾಯಿ ಕಾರ್ಡಿನ ಪ್ರತಿ ಪುಟವನ್ನು ಮೊಬೈಲಿನಲ್ಲಿ ಫೋಟೋ ತೆಗೆದು ಗಂಡನಿಗೂ ತವರಿನವರಿಗೂ ವಾಟ್ಸಾಪ್ ಮಾಡಿ ಇಡಿ. ಆಶಾ ಅಕ್ಕನ ನಂಬರು ತವರಿನವರ ಫೋನಿನಲ್ಲೂ ಇರಲಿ. ಬೆಂಗಳೂರಿಗೆ ಹೋದರೆ ಅಲ್ಲಿಯ ನಗರ ಆರೋಗ್ಯ ಕೇಂದ್ರಕ್ಕೆ ಕಾರ್ಡು ಹಿಡಿದು ಹೋಗಿ, ನಮ್ಮೂರ ಕಾರ್ಡು ಅಲ್ಲಿ ನಡೆಯುತ್ತದೆ. "ನಾವು ಬೇರೆ ಊರವರು, ನಮ್ಮನ್ನ ಯಾರು ನೋಡ್ತಾರ" ಅನ್ನುವ ಅಂಜಿಕೆಯಲ್ಲೇ ನನ್ನ ತಂಗಿಯ ನಾಲ್ಕು ತಿಂಗಳು ಹೋದವು. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ದವಾಖಾನೆಗಳಲ್ಲಿ ಬಸುರಿಯರನ್ನು ಡಾಕ್ಟರರೇ ನೋಡುವ ವ್ಯವಸ್ಥೆ 2016ರಿಂದ ಇಡೀ ದೇಶದಲ್ಲಿದೆ. ದುಡಿಯುವವರು ಆ ಒಂದು ದಿನದ ಪಗಾರ ಬಿಟ್ಟರೂ ನಡೆಯುತ್ತದೆ.

ರಕ್ತದ ಮಾತು

ಆ ಫೋನಿನಲ್ಲಿ ಬಂದ ಇನ್ನೊಂದು ಅಂಕಿ 8.6. ಬಸುರಿಗೆ ಹಿಮೋಗ್ಲೋಬಿನ್ ಕಡಿಮೆ ಎಂದರೂ 11 ಇರಬೇಕು. 7ಕ್ಕಿಂತ ಕೆಳಗಾದರೆ ತೀವ್ರ ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ದವಾಖಾನೆಯಲ್ಲಿ ಆಗುತ್ತವೆ ಅನ್ನುತ್ತದೆ. ಅದೇ ಸಮೀಕ್ಷೆಯಲ್ಲಿ ರಾಜ್ಯದ ಬಸುರಿಯರಲ್ಲಿ ಅರ್ಧದ ಹತ್ತಿರದಷ್ಟು ಮಂದಿಗೆ ರಕ್ತ ಕಡಿಮೆ. ದವಾಖಾನೆಯ ಬಾಗಿಲ ತನಕ ಎಲ್ಲರನ್ನೂ ತಂದಿದ್ದೇವೆ. ಆದರೆ ಅರ್ಧ ಮಂದಿ ಮೈಯಲ್ಲಿ ರಕ್ತ ಇಲ್ಲದೆ ಬರುತ್ತಿದ್ದಾರೆ.

ಇದು ಯಾಕೆ ಇಷ್ಟು ದೊಡ್ಡ ಮಾತು ಅಂದರೆ, ಹೆರಿಗೆಯಲ್ಲಿ ರಕ್ತ ಹೋಗುವುದು ಸಹಜ. ಅರ್ಧ ಲೀಟರ್ ದಾಟಿದರೆ ಅದನ್ನು ಅತಿಸ್ರಾವ ಅನ್ನುತ್ತಾರೆ. 12 ಇದ್ದವಳು ಅಷ್ಟನ್ನು ತಡೆದುಕೊಂಡು ಎದ್ದು ಕೂರುತ್ತಾಳೆ. 7 ಇದ್ದವಳಿಗೆ ಅಷ್ಟೇ ರಕ್ತ ಹೋದರೆ ಜೀವಕ್ಕೇ ಬರುತ್ತದೆ. ಹೊರಗಿನಿಂದ ಇಬ್ಬರೂ ಒಂದೇ ಹೆರಿಗೆ ಕೋಣೆ, ಒಂದೇ ಸಿಸ್ಟರ್, ಒಂದೇ ಇಂಜೆಕ್ಷನ್. ಯಾರು ಬದುಕುತ್ತಾರೆ ಅನ್ನುವುದು ಎಷ್ಟೋ ಸಲ ಐದನೇ ತಿಂಗಳಲ್ಲೇ, ಅಡುಗೆಮನೆಯಲ್ಲೇ ತೀರ್ಮಾನವಾಗಿರುತ್ತದೆ.

ಅಡುಗೆಮನೆ ಅಂದರೆ ನಮ್ಮ ಊಟ ಕೆಟ್ಟದ್ದು ಅಂತ ಅಲ್ಲ. ಜೋಳದ ರೊಟ್ಟಿ, ಸಜ್ಜಿ ರೊಟ್ಟಿ, ಪುಂಡಿಪಲ್ಯ, ಹೆಸರುಕಾಳು, ಶೇಂಗಾ ಹಿಂಡಿ, ಅಗಸಿ ಹಿಂಡಿ, ಮೇಲೆ ಒಂದು ಹೋಳು ನಿಂಬೆ. ಇದಕ್ಕಿಂತ ಒಳ್ಳೆಯ ತಾಟು ಬಸುರಿಗೆ ಯಾವ ಪುಸ್ತಕವೂ ಹೇಳಲಿಕ್ಕಿಲ್ಲ. ತತ್ತಿ, ಹಾಲು ಸೇರಿದರೆ ಇನ್ನೂ ಚಲೋ. ತೊಂದರೆ ಇರುವುದು ಎರಡು ಕಡೆ. ಒಂದು, ಆ ತಾಟು ಎಲ್ಲರೂ ಉಂಡ ಮೇಲೆ ಅವಳ ಮುಂದೆ ಬರುತ್ತದೆ. ಅಷ್ಟೊತ್ತಿಗೆ ಪಲ್ಯ ತಳ ಕಂಡಿರುತ್ತದೆ, ರೊಟ್ಟಿ ಕಾರದಲ್ಲಿ ಮುಗಿಯುತ್ತದೆ. ಎರಡು, ಚಹಾ. ಊಟದ ಹಿಂದೆಯೇ ಚಹಾ ಕುಡಿದರೆ ಉಂಡ ಕಬ್ಬಿಣದ ಅಂಶವನ್ನು ಅದು ಮೈಗೆ ಹತ್ತಗೊಡುವುದಿಲ್ಲ. ಒಂದು ತಾಸು ಬಿಟ್ಟು ಕುಡಿಯಲಿ. ಇಷ್ಟು ಹೇಳಿದರೂ, ಈಗಾಗಲೇ 8ಕ್ಕೆ ಇಳಿದ ರಕ್ತವನ್ನು ಪಲ್ಯ ಒಂದರಿಂದಲೇ 11ಕ್ಕೆ ಏರಿಸಲು ಬರುವುದಿಲ್ಲ. ಬೀಟ್ರೂಟು, ದಾಳಿಂಬೆ ತಿನ್ನಿಸಿ ರಕ್ತ ಮಾಡುತ್ತೇವೆ ಅಂತ ಗುಳಿಗೆ ಬಿಟ್ಟವರನ್ನು ಕಂಡಿದ್ದೇನೆ. ಗುಳಿಗೆ ಬೇಕೇ ಬೇಕು.

ಆ ಗುಳಿಗೆಯ ಮೇಲೆ ನಮ್ಮವರಿಗೆ ಸಿಟ್ಟು ಬಹಳ. ಮಲ ಕರ್ರಗಾಗುತ್ತದೆ, ಹೊಟ್ಟೆ ತೊಳೆಸುತ್ತದೆ, ಮಲಬದ್ಧತೆ ಆಗುತ್ತದೆ. ಕೂಸು ಕಪ್ಪಾಗುತ್ತದೆ ಅನ್ನುವ ಮಾತೂ ಇದೆ, ಅದಕ್ಕೆ ಯಾವ ಆಧಾರವೂ ಇಲ್ಲ. ಮಲ ಕಪ್ಪಾಗುವುದರಿಂದ ಕೇಡಿಲ್ಲ. ಹೊಟ್ಟೆ ತೊಳೆಸಿದರೆ ರಾತ್ರಿ ಊಟವಾದ ಮೇಲೆ ನುಂಗಿ ಮಲಗಬಹುದು. ಕ್ಯಾಲ್ಸಿಯಂ ಗುಳಿಗೆಯನ್ನು ಇದರ ಜೊತೆಗೇ ನುಂಗಬಾರದು, ಎರಡು ತಾಸು ಅಂತರ ಇರಲಿ. ಸರ್ಕಾರ ಪುಕ್ಕಟೆ ಕೊಡುವ ಕಬ್ಬಿಣದ ಗುಳಿಗೆಯನ್ನು ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆತ್ತ ಮೇಲೆ ಮತ್ತೆ 180 ದಿನ ನುಂಗಬೇಕು. ರಕ್ತ ಕಡಿಮೆ ಇದ್ದವರಿಗೆ ಡಾಕ್ಟರು ದಿನಕ್ಕೆ ಎರಡು ಹೇಳುತ್ತಾರೆ. ದಿನ ತುಂಬುತ್ತ ಬಂದು ಹೊತ್ತು ಉಳಿದಿಲ್ಲ ಅಂದಾಗ ನರದ ಮೂಲಕ ಕಬ್ಬಿಣದ ಡ್ರಿಪ್ ಹಾಕುತ್ತಾರೆ. ತಂಗಿಗೆ ರಾಯಚೂರಿನಲ್ಲಿ ಅದನ್ನೇ ಹಾಕಿದರು. ಬೆಂಗಳೂರಿನ ನಾಲ್ಕು ತಿಂಗಳು ಗುಳಿಗೆ ನುಂಗಿದ್ದರೆ ಅದು ಬೇಕಾಗುತ್ತಿರಲಿಲ್ಲ. ಅವಳಿಗೆ ಆ ದಿನಗಳಲ್ಲಿ ಹಸಿ ಅಕ್ಕಿ ಬುಕ್ಕುವ ಚಟ ಹತ್ತಿತ್ತಂತೆ, ಬಯಕೆ ಅಂದುಕೊಂಡಿದ್ದಳು. ಹಸಿ ಅಕ್ಕಿ, ಸುಣ್ಣ, ಇದ್ದಿಲು, ಮಣ್ಣು ತಿನ್ನಬೇಕು ಅನ್ನಿಸುವುದು ಎಷ್ಟೋ ಸಲ ಕಬ್ಬಿಣ ಕಡಿಮೆಯಾದದ್ದರ ಗುರುತು. ಮನೆಯಲ್ಲಿ ಬಸುರಿ ಹೀಗೆ ಮಾಡುತ್ತಿದ್ದರೆ ನಕ್ಕು ಬಿಡದೆ ರಕ್ತ ನೋಡಿಸಿ.

ಹೊಲದ ಕೆಲಸದ ಬಗ್ಗೆಯೂ ಒಂದು ಮಾತು. ಹತ್ತಿ ಬಿಡಿಸುವಾಗ, ಮೆಣಸಿನಕಾಯಿ ಬಿಡಿಸುವಾಗ ನಮ್ಮ ಹೆಣ್ಣುಮಕ್ಕಳು ಮುಂಜಾನೆಯಿಂದ ಸಂಜೆ ತನಕ ನೀರು ಕುಡಿಯುವುದಿಲ್ಲ, ಮರೆಗೆ ಹೋಗಲು ಜಾಗ ಇರುವುದಿಲ್ಲ ಅಂತ. ಬಸುರಿಯಾದಾಗಲೂ ಇದೇ. ಮೂತ್ರ ತಡೆದು ಉರಿಮೂತ್ರ ಆಗುತ್ತದೆ, ಬಿಟ್ಟರೆ ಮೂತ್ರಪಿಂಡಕ್ಕೆ ಏರುತ್ತದೆ, ಚಳಿಜ್ವರ ಬರುತ್ತದೆ, ದಿನ ತುಂಬುವ ಮೊದಲೇ ಹೆರಿಗೆ ಆಗುವ ಅಪಾಯ ಇದೆ. ನಮ್ಮ ರಾಯಚೂರಿನ ಏಪ್ರಿಲ್-ಮೇ ಬಿಸಿಲಿನಲ್ಲಿ ಇದು ಇನ್ನೂ ಕೆಟ್ಟದ್ದು. ಎಣ್ಣಿ, ಅಂದರೆ ಕೀಟನಾಶಕ, ಹೊಡೆದ ಹೊಲಕ್ಕೆ ಬಸುರಿ ಹೋಗಲೇಬಾರದು. ದುಡಿಯಬೇಡ ಅನ್ನುವ ಹಕ್ಕು ನನಗಿಲ್ಲ, ಕೂಲಿ ಇಲ್ಲದೆ ಒಲೆ ಹತ್ತದ ಮನೆಗಳು ನನಗೆ ಗೊತ್ತು. ಹೊಲದೊಡೆಯರಿಗೆ ಮಾತ್ರ ಕೇಳಬಹುದು, ನಾಲ್ಕು ಗಳ ನೆಟ್ಟು ಸೀರೆಯ ಮರೆಯಾದರೂ ಕಟ್ಟಿಕೊಡಿ ಅಂತ.

ರಾತ್ರಿ ಎರಡಕ್ಕೆ ಯಾರಿರುತ್ತಾರೆ?

ಇನ್ನು ದವಾಖಾನೆಯ ಮಾತು. ನಮ್ಮ ಓಣಿಯಲ್ಲಿ ನಿವೃತ್ತ ಸಿಸ್ಟರ್ ಒಬ್ಬರಿದ್ದಾರೆ. ಹೆರಿಗೆ ಕೋಣೆಯಲ್ಲೇ ತಲೆ ನರೆತವರು. ತಂಗಿಯನ್ನು ರಾಯಚೂರಿಗೆ ಕಳಿಸುತ್ತಾರೆ ಅಂದಾಗ ನಮ್ಮ ಮಾವ ಬಂದು, ಇಲ್ಲೇ ಒಂದು ನರ್ಸಿಂಗ್ ಹೋಮ್ ಹೊಸದಾಗಿ ಆಗೈತಿ, ಎಸಿ ರೂಮ್ ಐತಿ, ರೊಕ್ಕ ನಾ ಕೊಡ್ತೀನಿ ಅಂದರು. ಪ್ರೀತಿಯಿಂದಲೇ ಅಂದರು. ಸಿಸ್ಟರಮ್ಮ ಹೊಸ್ತಿಲ ಮೇಲೆ ನಿಂತೇ ಮಾವನನ್ನು ಕೇಳಿದರು. "ಅಣ್ಣ, ಅಲ್ಲಿ ರಾತ್ರಿ ಎರಡಕ್ಕ ಅರಿವಳಿಕಿ ಡಾಕ್ಟ್ರು ಇರ್ತಾರೋ, ಫೋನ್ ಹಚ್ಚಿದರ ಬರ್ತಾರೋ? ಬಂದರ ಎಷ್ಟೊತ್ತಿಗೆ ಬರ್ತಾರ? ರಕ್ತ ಬೇಕಾದರ ಎಲ್ಲಿಂದ ತರ್ತಾರ? ಎಂಟು ತಿಂಗಳ ಕೂಸು ಹುಟ್ಟಿದರ ಇಡಾಕ ಜಾಗ ಐತೋ?" ಮಾವ ಸುಮ್ಮನಾದರು. ಆ ನರ್ಸಿಂಗ್ ಹೋಮಿಗೆ ಫೋನ್ ಮಾಡಿ ಇದನ್ನೇ ಕೇಳಿದೆವು. ಅವರು ಮುಚ್ಚಿಡಲಿಲ್ಲ, ಇಂಥ ಕೇಸನ್ನು ನಾವೂ ರಾಯಚೂರಿಗೇ ಕಳಿಸ್ತೀವಿ ಅಂದರು.

ಆ ಪ್ರಶ್ನೆಗಳನ್ನು ನಾನು ಈಗ ಎಲ್ಲರಿಗೂ ಹಂಚುತ್ತೇನೆ. ಯಾಕೆಂದರೆ ಹೆರಿಗೆಯಲ್ಲಿ ತೊಂದರೆ ಬಂದರೆ ತಾಸುಗಳಲ್ಲಿ ಅಲ್ಲ, ನಿಮಿಷಗಳಲ್ಲಿ ಲೆಕ್ಕ. ರಕ್ತ ನಿಲ್ಲಿಸುವ ಆಕ್ಸಿಟೋಸಿನ್ ಇಂಜೆಕ್ಷನ್ನನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಕರೆಂಟ್ ಹೋದರೆ ಫ್ರಿಜ್ ನಡೆಯುವ ವ್ಯವಸ್ಥೆ ಇದೆಯೇ ಅಂತ ನಮ್ಮ ಬಿಸಿಲೂರುಗಳಲ್ಲಿ ಕೇಳಲೇಬೇಕು. ಎಲ್ಲ ಬಸುರಿಯರೂ ಜಿಲ್ಲಾ ಕೇಂದ್ರಕ್ಕೆ ಓಡಬೇಕು ಅಂತಲೂ ಅಲ್ಲ. ಬಿಪಿ, ರಕ್ತ, ಸಕ್ಕರೆ ಸರಿ ಇದ್ದು, ಕೂಸು ತಲೆ ಕೆಳಗಾಗಿದ್ದರೆ ತಾಲೂಕು ದವಾಖಾನೆಯಲ್ಲೋ 24 ತಾಸಿನ ಪಿಎಚ್‌ಸಿಯಲ್ಲೋ ಚೆನ್ನಾಗಿಯೇ ಹೆರಿಗೆ ಆಗುತ್ತದೆ. ಮೊದಲು ಸಿಜೇರಿಯನ್ ಆದವರು, ಅವಳಿ ಇದ್ದವರು, ಬಿಪಿ ಏರಿದವರು, ರಕ್ತ 7ರ ಆಸುಪಾಸಿನವರು ಮಾತ್ರ ಸರ್ಕಾರಿ ವೈದ್ಯಕೀಯ ಕಾಲೇಜಿನ ದವಾಖಾನೆಗಳಾದ ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಈಗ ಬಿಎಂಸಿಆರ್‌ಸಿ ಅನ್ನುವ ಬಳ್ಳಾರಿಯ ವಿಮ್ಸ್‌ನಂಥ ಕಡೆ ಮೊದಲೇ ಹೋಗಿ ತೋರಿಸಿ ಹೆಸರು ಬರೆಸಿ ಬರಬೇಕು. ನೋವು ಎದ್ದ ಮೇಲೆ ಎರಡು ತಾಸಿನ ದಾರಿ ಹಿಡಿಯುವಂತಾಗಬಾರದು.

ಬಳ್ಳಾರಿ ಅಂದ ಕೂಡಲೇ ನೀವು ಏನು ನೆನೆಯುತ್ತೀರಿ ಅಂತ ಗೊತ್ತು. 2024ರ ನವೆಂಬರಿನಲ್ಲಿ ಅಲ್ಲಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಜೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ನರಕ್ಕೆ ಹಾಕಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಂತು, ಸರ್ಕಾರ ಆ ಪೂರೈಕೆಯನ್ನು ತಡೆಹಿಡಿಯಿತು, ಮೇಲಿನ ಅಧಿಕಾರಿಗಳ ಮೇಲೆ ಕ್ರಮ ಆಯಿತು. ಆ ತಾಯಂದಿರಲ್ಲಿ ಯಾರದೂ ತಪ್ಪಿರಲಿಲ್ಲ. ಅವರು ಎಲ್ಲ ಸರಿಯಾಗಿ ಮಾಡಿ, ನಂಬಿ, ದವಾಖಾನೆಗೆ ಬಂದವರು. ನನಗೆ ಆ ಸಿಟ್ಟು ಇನ್ನೂ ಆರಿಲ್ಲ, ಆರಬಾರದು ಕೂಡ. ಬಡವರ ನರಕ್ಕೆ ಹೋಗುವ ಬಾಟಲಿಯನ್ನು ಪರೀಕ್ಷೆ ಮಾಡುವ ಕೆಲಸ ಬಡವರದಲ್ಲ. ಅದಕ್ಕೆ ಔಷಧ ನಿಯಂತ್ರಣ ಇಲಾಖೆ ಇದೆ, ಪ್ರಯೋಗಾಲಯ ಇದೆ, ಅವುಗಳನ್ನು ನಡೆಸುವ ಸರ್ಕಾರ ಇದೆ.

ಆ ಸಾವುಗಳ ನಂತರ ನಮ್ಮ ಊರುಗಳಲ್ಲಿ ಹಬ್ಬಿದ ಅಂಜಿಕೆ ಇನ್ನೊಂದು ಕಡೆ ದೂಡಿತು. ಸಾಲ ಮಾಡಿ, ಬಂಗಾರ ಅಡವಿಟ್ಟು, ರಕ್ತವೂ ಸಿಗದ, ರಾತ್ರಿ ಡಾಕ್ಟರೂ ಇರದ ಸಣ್ಣ ನರ್ಸಿಂಗ್ ಹೋಮುಗಳಿಗೆ ಹೋದವರು ನಮ್ಮ ಬಳಗದಲ್ಲೇ ಇದ್ದಾರೆ. ಅವರನ್ನು ನಾನು ಬೈಯಲಾರೆ. ಅದೇ ಪ್ರಶ್ನೆಗಳನ್ನು ಅಲ್ಲಿಯೂ ಕೇಳಿ ಅನ್ನುತ್ತೇನೆ, ಸರ್ಕಾರಿಯಾಗಲಿ ಖಾಸಗಿಯಾಗಲಿ. ಜೊತೆಗೊಬ್ಬರು ಹೆಣ್ಣುಮಗಳು ಒಳಗೆ ಇರಲು ಬಿಡುತ್ತಾರೆಯೇ ಅಂತಲೂ ಕೇಳಿ. ತಂಗಿಯ ಜೊತೆ ನಾನಿದ್ದೆ. ಹೊಟ್ಟೆಯಲ್ಲಿ ಕೂಸು ಆಡುವುದು ಕಡಿಮೆಯಾಗಿದೆ ಅಂತ ಅವಳು ಒಂದು ರಾತ್ರಿ ಅಂದಾಗ, ಅವಳು ನಾಚಿ ಸುಮ್ಮನಾಗುತ್ತಿದ್ದಳು, ನಾನು ಎದ್ದು ಹೋಗಿ ಸಿಸ್ಟರಿಗೆ ಹೇಳಿದೆ. ಅವರು ಬಂದು ಕೂಸಿನ ಎದೆಬಡಿತ ನೋಡಿದರು. ಸರಿ ಇತ್ತು.

ಹೆತ್ತ ಮೇಲೆ

37 ವಾರ ತುಂಬಿದ ಕೂಡಲೇ ನೋವು ಬರಿಸಿ ಹೆರಿಗೆ ಮಾಡಿಸಿದರು. ಹೆಣ್ಣು ಕೂಸು, ತೂಕ ಸ್ವಲ್ಪ ಕಡಿಮೆ, ಆರೋಗ್ಯವಾಗಿತ್ತು. ಮನೆಯವರೆಲ್ಲ ಇನ್ನು ಗೆದ್ದೆವು ಅಂದುಕೊಂಡರು. ಹೆತ್ತ ಮೊದಲ ದಿನ, ಮೊದಲ ವಾರವೇ ತಾಯಿಗೆ ದೊಡ್ಡ ಗಂಡಾಂತರ ಅನ್ನುವುದು ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ಹೆತ್ತ ಮೇಲೂ ಬಿಪಿ ಏರಬಹುದು, ಫಿಟ್ಸ್ ಬರಬಹುದು. ಮನೆಗೆ ಬಂದ ಮೇಲೆ ಬಾಣಂತಿಗೆ ತಲೆನೋವು, ಜ್ವರ, ವಾಸನೆಯ ಸ್ರಾವ, ಬಟ್ಟೆ ಮೇಲೆ ಬಟ್ಟೆ ತೊಯ್ಯುವಷ್ಟು ರಕ್ತ, ಒಂದೇ ಕಾಲು ಊದಿ ನೋವು, ಇದರಲ್ಲಿ ಯಾವುದು ಕಂಡರೂ ಬೆಳಗಾಗಲಿ ಅಂತ ಕಾಯಬಾರದು.

ಬಾಣಂತನ ನಮ್ಮ ಕಡೆ ಪ್ರೀತಿಯಿಂದ ಮಾಡುತ್ತಾರೆ. ಎಣ್ಣೆ ಹಚ್ಚಿ ಎರೆಯುತ್ತಾರೆ, ಅಂಟಿನುಂಡಿ ಮಾಡುತ್ತಾರೆ. ನೀರು ಮಾತ್ರ ಕೊಡುವುದಿಲ್ಲ, ಹೊಟ್ಟೆ ಬರುತ್ತದೆ, ಕೂಸಿಗೆ ಶೀತ ಆಗುತ್ತದೆ ಅಂತ. ಎದೆಹಾಲು ಕುಡಿಸುವವಳಿಗೆ ನೀರು ಬೇಕು. ಅವ್ವನ ಜೊತೆ ನಾನು ವಾದ ಮಾಡಲಿಲ್ಲ. ಮೂರನೇ ದಿನ ಬಂದ ನಮ್ಮೂರ ಆಶಾ ಅಕ್ಕನ ಕೈಲಿ ಹೇಳಿಸಿದೆ. ಅವಳ ಮಾತನ್ನು ಅವ್ವ ಕೇಳಿದಳು, ಕಾಯಿಸಿ ಆರಿಸಿದ ನೀರಿನ ತಂಬಿಗೆ ಹಾಸಿಗೆಯ ಪಕ್ಕ ಬಂತು. ಮೂರು, ಏಳು, ಹದಿನಾಲ್ಕು ಅಂತ ನಲವತ್ತೆರಡನೇ ದಿನದ ತನಕ ಮನೆಗೆ ಬಂದು ತಾಯಿ-ಕೂಸನ್ನು ನೋಡುವುದು ಆಶಾ ಅಕ್ಕಂದಿರ ಕೆಲಸದಲ್ಲಿ ಸೇರಿದೆ. 2025ರ ಜನವರಿಯಲ್ಲಿ ಇವರೇ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಗೌರವಧನಕ್ಕಾಗಿ ಚಳಿಯಲ್ಲಿ ಹಗಲು ರಾತ್ರಿ ಕುಂತಿದ್ದರು. ಮೆಣಸಿನಕಾಯಿ ಹೊಲದಿಂದ ಮನೆಗೆ ನಡೆದು ಹೋಗಿ ಬುಕ್ಕು ತೆಗೆದು ಓದಿದ ಆ ಹೆಂಗಸಿಗೆ ತಿಂಗಳ ಖಾತ್ರಿ ಸಂಬಳ ಇರಬೇಕು ಅನ್ನುವುದರಲ್ಲಿ ನನಗೆ ಎರಡನೆಯ ಮಾತಿಲ್ಲ.

ಡಿಸ್ಚಾರ್ಜ್ ಮಾಡುವಾಗ ರಾಯಚೂರಿನ ಡಾಕ್ಟರು ಇನ್ನೊಂದು ಮಾತು ಹೇಳಿದರು. ಒಮ್ಮೆ ಹೀಗೆ ಬಿಪಿ ಏರಿದವರಿಗೆ ಮುಂದಿನ ಬಸುರಿನಲ್ಲೂ ಏರುವ ಸಾಧ್ಯತೆ ಹೆಚ್ಚು. ಮುಟ್ಟು ನಿಂತ ಕೂಡಲೇ ತೋರಿಸಿದರೆ, 16 ವಾರದ ಒಳಗೆ ಸಣ್ಣ ಪ್ರಮಾಣದ ಆಸ್ಪಿರಿನ್ ಶುರು ಮಾಡಿ ಆ ಅಪಾಯ ತಗ್ಗಿಸಬಹುದು, ಅದನ್ನು ಡಾಕ್ಟರೇ ನೋಡಿ ಕೊಡಬೇಕು. ಬಸುರು ಬೇಡವಾದರೂ ಇಂಥವರಿಗೆ ವಯಸ್ಸಾದಂತೆ ಬಿಪಿ, ಹೃದಯದ ತೊಂದರೆ ಬರುವುದು ಹೆಚ್ಚು. ಡಿಸ್ಚಾರ್ಜ್ ಕಾಗದವನ್ನು, ಟ್ರಂಕಿನಿಂದ ತರಿಸಿದ ತಾಯಿ ಕಾರ್ಡನ್ನು, ಬೆಂಗಳೂರಿನ ಸ್ಕ್ಯಾನಿಂಗನ್ನು ಒಂದು ಫೈಲಿಗೆ ಹಾಕಿ, ಮೇಲೆ ದಪ್ಪ ಅಕ್ಷರದಲ್ಲಿ ಇದನ್ನು ಬರೆದು ತಂಗಿಯ ಕೈಗೆ ಕೊಟ್ಟೆ.

"ಇನ್ನೊಂದು ಯಾರಿಗೆ ಬೇಕಾಗೈತಿ ಅಕ್ಕ" ಅಂದಳು.

"ಬ್ಯಾಡ ಬಿಡು. ಆದರೂ ವರ್ಷಕ್ಕೊಮ್ಮೆ ಬಿಪಿ ನೋಡಿಸ್ಕೋ. ಬೆಂಗಳೂರಿಗೆ ಹೋದರೂ ಫೈಲು ಒಯ್ಯಿ" ಅಂದೆ. ಒಯ್ದಳು. ಕೂಸಿನ 14ನೇ ವಾರದ ಲಸಿಕೆಯನ್ನು ಅಲ್ಲಿಯೇ ಹಾಕಿಸಿ, ತನ್ನ ಬಿಪಿಯನ್ನೂ ನೋಡಿಸಿ ಫೋಟೋ ಕಳಿಸಿದಳು. 112/74 ಇತ್ತು.